ಫಾರ್ಮ್ಯಾಟ್ ಆದ ಮೇಲೂ ಉಳಿಯುವುದು

ಚಿಕ್ಕಮ್ಮನ ಹಳೆಯ ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ ಬೇಕಾಗುತ್ತಿತ್ತು. ರಿಪೇರಿ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಕೊಡ್ತೀವಿ’ ಎಂದರು, ಚಿಕ್ಕಮ್ಮ ಹೂಂ ಎಂದರು. ಮರುದಿನ ಯಂತ್ರ ಚುರುಕಾಗಿ ಮನೆಗೆ ಬಂತು. ಫೋಟೋಗಳಿದ್ದ ಫೋಲ್ಡರ್ ಮಾತ್ರ ಇರಲಿಲ್ಲ. ಅಜ್ಜಿಯ ಕೊನೆಯ ಯುಗಾದಿಯ ಚಿತ್ರಗಳು ಅದರಲ್ಲೇ ಇದ್ದವು.

ಫೋನಿನಲ್ಲಿ ನಾನು ಹೇಳಿದ್ದು ಒಂದೇ ಮಾತು: ಈಗಲೇ ಆಫ್ ಮಾಡಿ, ನಾನು ಬರುವ ತನಕ ಮುಟ್ಟಬೇಡಿ.

ಹಾರ್ಡ್ ಡಿಸ್ಕಿನ ತಟ್ಟೆಗಳ ಮೇಲೆ ಮಾಹಿತಿ ಕಾಂತೀಯ ಗುರುತುಗಳಾಗಿ ಕೂತಿರುತ್ತದೆ. ಯಾವ ಫೈಲು ಎಲ್ಲಿದೆ ಎಂಬ ಲೆಕ್ಕಕ್ಕೆ ಬೇರೆಯೇ ಒಂದು ಪಟ್ಟಿ. ವಿಂಡೋಸ್‌ನಲ್ಲಿ ಅದರ ಹೆಸರು ಮಾಸ್ಟರ್ ಫೈಲ್ ಟೇಬಲ್. ‘ಕ್ವಿಕ್ ಫಾರ್ಮ್ಯಾಟ್’ ಮಾಡಿದಾಗ ಹೊಸದಾಗುವುದು ಈ ಪಟ್ಟಿಯಷ್ಟೇ. ಪಹಣಿ ಹರಿದರೆ ಹೊಲ ಮಾಯವಾಗುವುದಿಲ್ಲ, ನಿಂತ ಪೈರೂ ಹಾಗೆಯೇ ಇರುತ್ತದೆ. ಆದರೆ ಖಾಲಿ ಎಂದು ಬರೆದುಕೊಂಡ ಹೊಲಕ್ಕೆ ಯಾರು ಬೇಕಾದರೂ ನೇಗಿಲು ಹೂಡಬಹುದು. ಹೊಸ ವಿಂಡೋಸ್ ತನ್ನ ಹತ್ತಾರು ಜಿಬಿ ಫೈಲುಗಳನ್ನು ಹಳೆಯವುಗಳ ಮೇಲೆಯೇ ಬರೆಯುತ್ತದೆ. ಯಂತ್ರ ಆನ್ ಇದ್ದಷ್ಟು ಹೊತ್ತೂ ಅಪ್‌ಡೇಟ್‌ಗಳು ಇಳಿಯುತ್ತಾ ಉಳುಮೆ ಮುಂದುವರಿಯುತ್ತದೆ.

ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿ, ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಅದು ಪಟ್ಟಿಯ ಗೋಜಿಗೇ ಹೋಗುವುದಿಲ್ಲ. ಜೆಪೆಗ್ ಚಿತ್ರ ಎಂದರೆ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗಬೇಕು. ಆ ಗುರುತನ್ನು ಹುಡುಕುತ್ತಾ ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ನಡೆಯುತ್ತದೆ. ರಾತ್ರಿಯಿಡೀ ನಡೆಯಿತು. ಬೆಳಿಗ್ಗೆ ಸಾವಿರಾರು ಚಿತ್ರಗಳಿದ್ದವು, ಆದರೆ ಪಟ್ಟಿಯ ಜೊತೆಗೇ ಹೆಸರುಗಳೂ ಹೋಗಿದ್ದರಿಂದ ಉಳಿದದ್ದು ಬರೀ ಸಂಖ್ಯೆಗಳು. ಒಂದೊಂದೇ ತೆರೆದು ನೋಡಿದೆವು. ಯುಗಾದಿಯ ಒಂದು ಚಿತ್ರದಲ್ಲಿ ಬಾಗಿಲ ತೋರಣ, ಅಜ್ಜಿಯ ಮುಖ, ಹೆಗಲವರೆಗಿನ ಸೀರೆ. ಅಲ್ಲಿಂದ ಕೆಳಗೆ ಬೂದು ಬಣ್ಣ. ಚಿತ್ರದ ಉಳಿದರ್ಧದ ಜಾಗದಲ್ಲಿ ಆಗಲೇ ಬೇರೇನೋ ಬಂದು ಕೂತಿತ್ತು.

ಸಿಕ್ಕ ಕಾಗದಪತ್ರಗಳನ್ನು ತೆರೆದರೆ ಇನ್ನೊಂದು ಗಾಬರಿ. ಚಿಕ್ಕಮ್ಮ ವರ್ಷಗಟ್ಟಲೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿತ್ತು. ಹಾಳಾಗಿರಲಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾರ್ಮ್ಯಾಟ್‌ನಲ್ಲಿ ಫಾಂಟ್ ಹೋದರೆ ಓದುವ ಕೀಲಿಯೇ ಹೋದಂತೆ. ನುಡಿ ಮತ್ತೆ ಹಾಕಿದ ಕೂಡಲೇ ಕನ್ನಡ ಮರಳಿತು. ಹಳೆಯ ಕನ್ನಡ ಫೈಲುಗಳಿರುವ ಎಲ್ಲರೂ ಬ್ಯಾಕಪ್ ಜೊತೆಗೆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ, ಇದನ್ನು ಕೈಮುಗಿದು ಕೇಳುತ್ತೇನೆ.

ಹಾರ್ಡ್ ಡಿಸ್ಕಿನ ಬದಲು ಈಗಿನ ಎಸ್‌ಎಸ್‌ಡಿ ಆಗಿದ್ದರೆ ಆ ಅರ್ಧ ಚಿತ್ರವೂ ಸಿಗುತ್ತಿರಲಿಲ್ಲವೇನೋ. ‘ಈ ಜಾಗ ಇನ್ನು ಬೇಡ’ ಎಂದು ಕಂಪ್ಯೂಟರ್ ‘ಟ್ರಿಮ್’ ಆದೇಶ ಕೊಟ್ಟರೆ, ಎಸ್‌ಎಸ್‌ಡಿ ಬಿಡುವಿದ್ದಾಗ ಅದನ್ನು ತಾನೇ ಅಳಿಸಿಹಾಕುತ್ತದೆ.

ಫಾರ್ಮ್ಯಾಟ್ ಆದ ಮೇಲೂ ಮಾಹಿತಿ ಉಳಿಯುವ, ನಮ್ಮನ್ನು ಅಂದು ಕಾಪಾಡಿದ ಗುಣವೇ ಹಳೆಯ ಯಂತ್ರವನ್ನು ಮಾರುವಾಗ ಅಪಾಯ. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಓದಲು ಬಂದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಸಿಕ್ಕವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು, ಎಷ್ಟೋ ಕಂಪ್ಯೂಟರ್‌ಗಳು ಕೈ ಬದಲಿಸುವ ಕಾಲದಲ್ಲಿ ಇದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಸೊನ್ನೆ ಬರೆಯಬೇಕು, ಒಂದು ಸಲ ಸಾಕು. ವಿಸ್ಟಾದಿಂದ ಈಚಿನ ವಿಂಡೋಸ್‌ನಲ್ಲಿ ‘ಕ್ವಿಕ್’ ಗುರುತು ತೆಗೆದು ಫಾರ್ಮ್ಯಾಟ್ ಮಾಡಿದರೆ ಆ ವಿಭಾಗದಲ್ಲಿ ಆಗುವುದು ಇದೇ. ಎಸ್‌ಎಸ್‌ಡಿಗೆ ಈ ಉಪಾಯ ನೆಚ್ಚುವಂತಿಲ್ಲ: ಸವೆತ ಹಂಚಲೆಂದು ಅದು ಹೊಸ ಬರಹವನ್ನು ಬೇರೆ ಕೋಶಗಳಿಗೆ ಕಳಿಸುವುದರಿಂದ ಹಳೆಯದು ಎಲ್ಲೋ ಉಳಿದಿರಬಹುದು. ಅದಕ್ಕೆ ತಯಾರಕರೇ ಕೊಡುವ ‘ಸೆಕ್ಯೂರ್ ಇರೇಸ್’ ಆದೇಶ ಬೇಕು.

ಕಳೆದ ತಿಂಗಳು ಚಿಕ್ಕಮ್ಮ ಆ ಕಂಪ್ಯೂಟರನ್ನು ಪಕ್ಕದ ಮನೆಯ ಹುಡುಗಿಯ ಓದಿಗೆ ಕೊಟ್ಟರು. ಹಿಂದಿನ ದಿನ 500 ಜಿಬಿಯ ಡಿಸ್ಕಿಗೆ ಸೊನ್ನೆ ಬರೆದೆ, ಎರಡು ಗಂಟೆ ಹಿಡಿಯಿತು. ಹೊಸ ಸಿಸ್ಟಮ್ ಹಾಕುವ ಮುಂಚೆ ಫೋಟೋರೆಕ್ ಮತ್ತೊಮ್ಮೆ ಓಡಿಸಿದೆ. ಕೊನೆಯವರೆಗೂ ಹೋಗಿ ಬಂದು ತೋರಿಸಿತು: ಸಿಕ್ಕ ಫೈಲುಗಳು, 0.