ಪರದೆಯು ಕಪ್ಪಾದುದೇಕೆ?

ರಬಕವಿ-ಬನಹಟ್ಟಿಯ ಅನುಭವಿ ನೇಕಾರನು ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಅವನ ಕಣ್ಣಿಗೆ ಕಾಣುವುದು ದೋಷ ಮಾತ್ರವಲ್ಲ. ಆ ದೋಷ ಹುಟ್ಟಿದ ಸ್ಥಳವೂ ಕಾಣುತ್ತದೆ. ಸೀರೆಯ ಉದ್ದಕ್ಕೂ ಒಂದೇ ನೇರದಲ್ಲಿ ಗೀರು ಹರಿದಿದ್ದರೆ ಹಾಸಿನ ಎಳೆಯೊಂದು ತುಂಡಾಗಿದೆ. ಗೀರು ಅಡ್ಡಲಾಗಿದ್ದರೆ ತಪ್ಪು ಹೊಕ್ಕಿನದು. ಹೂವಿನ ಒಂದೇ ಎಸಳು ಪ್ರತಿಯೊಂದು ಹೂವಿನಲ್ಲಿಯೂ ಮುರಿದಿದ್ದರೆ ಜಕಾರ್ಡಿನ ರಟ್ಟಿನ ಪಟ್ಟಿಯಲ್ಲಿ ರಂಧ್ರವೊಂದು ತಪ್ಪಿರಬೇಕು. ಮಗ್ಗವನ್ನು ಬಿಚ್ಚುವ ಮೊದಲೇ ಬಟ್ಟೆಯು ಅವನಿಗೆ ಇಷ್ಟನ್ನೂ ಹೇಳಿಬಿಡುತ್ತದೆ.

ಗಣಕಯಂತ್ರದ ಪರದೆಯೂ ಒಂದು ಬಗೆಯ ಬಟ್ಟೆಯೇ ಎಂದರೆ ಅತಿಶಯೋಕ್ತಿಯಾಗದು. ಅಡ್ಡಸಾಲು ಉದ್ದಸಾಲುಗಳು ಕೂಡುವ ಒಂದೊಂದು ಬಿಂದುವಿನಲ್ಲಿಯೂ ಯಾವ ಬಣ್ಣವಿರಬೇಕೆಂಬುದನ್ನು ಮೊದಲೇ ಗೊತ್ತುಮಾಡಿ ಚಿತ್ರವನ್ನು ಮೂಡಿಸುವುದು ಎರಡರಲ್ಲಿಯೂ ಒಂದೇ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡನು 1804ರ ಸುಮಾರಿಗೆ, ರಂಧ್ರವಿದ್ದರೆ ಎಳೆ ಮೇಲೇಳಬೇಕು, ಇಲ್ಲದಿದ್ದರೆ ಏಳಕೂಡದು ಎಂಬ ಸರಳವಾದ ಆಜ್ಞೆಗಳಿಂದ ಮಗ್ಗವನ್ನು ನಡೆಸಿದನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತಾನು ಯೋಜಿಸಿದ ಗಣಕಕ್ಕೆ ಅಂಥ ಪಟ್ಟಿಗಳನ್ನೇ ಎರವಲು ತೆಗೆದುಕೊಂಡನು. ಆ ಎರವಲು ಈಗ ಮರಳಿ ಬಂದಿದೆ. ಅಂಚು ಸೆರಗುಗಳ ವಿನ್ಯಾಸವನ್ನು ಚೌಕುಳಿ ಕಾಗದದ ಬದಲು ಗಣಕದ ಪರದೆಯ ಮೇಲೆ ಬಿಡಿಸುವ ಪದ್ಧತಿ ನೇಕಾರಿಕೆಯಲ್ಲಿ ಬೆಳೆದಿದೆ.

ಆದರೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೂಡಿಸಿದ ದಿನ ಪರದೆಯು ಕಪ್ಪಾದರೆ ನಾವು ನೇಕಾರನಂತೆ ನೋಡುವುದಿಲ್ಲ. "ಕಾರ್ಡು ಕೆಟ್ಟದ್ದು" ಎಂದು ಒಮ್ಮೆಗೇ ತೀರ್ಪು ಕೊಡುತ್ತೇವೆ. ಜಮಖಂಡಿ, ಮುಧೋಳ, ಬೀಳಗಿಯ ಕಡೆಯ ವಿದ್ಯಾರ್ಥಿಗೆ ಇದು ಅಲ್ಪ ವಿಷಯವಲ್ಲ. ಕಬ್ಬಿನ ಬಿಲ್ಲಿನಿಂದಲೋ ಮಗ್ಗದ ಮಜೂರಿಯಿಂದಲೋ ಉಳಿಸಿದ ಹಣ ಅದರಲ್ಲಿರುತ್ತದೆ. ಬದಲಾಯಿಸಿಕೊಳ್ಳಲು ಅಂಗಡಿಯವರು ಕೊಡುವ ಅವಧಿ ಕೆಲವೇ ದಿನಗಳದು. ಒಳ್ಳೆಯ ಕಾರ್ಡನ್ನು ಹಿಂದಿರುಗಿಸಿದರೆ ಹೊಸದಾಗಿ ಬರುವುದೂ ಅದೇ ಕತ್ತಲೆಯನ್ನು ತೋರಿಸುವುದು. ನಿಜವಾಗಿಯೂ ಕೆಟ್ಟುದನ್ನು ಅನುಮಾನದಲ್ಲಿಯೇ ಇಟ್ಟುಕೊಂಡರೆ ಅವಧಿ ಕಳೆದುಹೋಗುವುದು. ಆದುದರಿಂದ ಆ ನಾಲ್ಕಾರು ದಿನಗಳಲ್ಲಿಯೇ ದೋಷವಿರುವ ಸ್ಥಳವನ್ನು ಗೊತ್ತುಮಾಡಬೇಕು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವ್ಹೀಟ್‌ಸ್ಟನ್ ಸೇತುವೆಯ ಮುಳ್ಳು ಅಲುಗದಿದ್ದಾಗ ಗ್ಯಾಲ್ವನೋಮೀಟರನ್ನೇ ಬೈಯುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಬಹುಮಟ್ಟಿಗೆ ಅಲ್ಲಿ ಸಡಿಲವಾಗಿರುವುದು ಒಂದು ತಂತಿ.

ಚಿತ್ರವು ಸಾಗುವ ದಾರಿಯನ್ನು ಮೊದಲು ತಿಳಿಯೋಣ. ಕಾರ್ಡಿನ ಚಿಪ್ಪು ಚಿತ್ರವನ್ನು ಲೆಕ್ಕಹಾಕಿ ತನ್ನ ನೆನಪಿನ ಕೋಶದಲ್ಲಿ ಬರೆದಿಡುತ್ತದೆ. ಅಲ್ಲಿಂದ ಅದು ಹೊರದಾರಿಯ ಮಂಡಲ, ಸಾಕೆಟ್ಟು, ಕೇಬಲ್, ಮಾನಿಟರಿನ ಒಳಮಂಡಲ ಇವುಗಳನ್ನು ದಾಟಿ ಗಾಜಿನ ಫಲಕಕ್ಕೆ ಬರುತ್ತದೆ. ಪರದೆಯಲ್ಲಿ 1920 ಉದ್ದಸಾಲು, 1080 ಅಡ್ಡಸಾಲುಗಳಿದ್ದರೆ ಬಿಂದುಗಳು 20,73,600. ಒಂದೊಂದು ಬಿಂದುವಿನ ಬಣ್ಣಕ್ಕೆ 24 ಬಿಟ್‌ಗಳು. ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಕಳುಹಿಸಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 299 ಕೋಟಿ ಬಿಟ್‌ಗಳಾಗುತ್ತವೆ. ಈ ಪ್ರವಾಹವು ಎಲ್ಲಿ ನಿಂತಿದೆ ಎಂಬುದೇ ನಮ್ಮ ಪ್ರಶ್ನೆ.

ಕತ್ತಲೆಯಲ್ಲಿಯೂ ಭೇದವುಂಟು. ಪರದೆಯ ಮೇಲೆ "ನೋ ಸಿಗ್ನಲ್" ಎಂಬ ಬರಹ ಮೂಡಿದರೆ ಸಂತೋಷಪಡಬೇಕು. ಆ ಬರಹವನ್ನು ಬರೆದುದು ಮಾನಿಟರೇ; ಅದರ ವಿದ್ಯುತ್ತು, ಹಿಂಬೆಳಕು, ಫಲಕಗಳು ಚೆನ್ನಾಗಿವೆಯೆಂದು ಇದರಿಂದ ಸಿದ್ಧವಾಗುತ್ತದೆ. ದೋಷ ಅದಕ್ಕೂ ಹಿಂದೆ ಇದೆ. ಈಗ ಪೆಟ್ಟಿಗೆಯ ಹಿಂಭಾಗವನ್ನು ನೋಡಿರಿ. ಹಳೆಯ ಕೇಬಲ್ಲು ಮದರ್‌ಬೋರ್ಡಿನ ಹಳೆಯ ಸಾಕೆಟ್ಟಿನಲ್ಲಿಯೇ ಇದ್ದರೆ ಹೊಸ ಕಾರ್ಡು ಬರೆದ ಚಿತ್ರ ಪರದೆಗೆ ಬರುವ ಬಗೆಯೆಂತು? ಕೇಬಲ್ಲನ್ನು ಕಾರ್ಡಿನ ಸಾಕೆಟ್ಟಿಗೇ ಸೇರಿಸಬೇಕು. ಇದು ನಗೆಪಾಟಲಾಗಿ ತೋರಬಹುದು. ಆದರೆ ಮೊದಲು ನೋಡಬೇಕಾದುದು ಇದೇ. ಅನಂತರ ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಕಿತ್ತು, ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ತೆಗೆದು ಮತ್ತೆ ಸೀಳಿನಲ್ಲಿ ಕೂಡಿಸಬೇಕು. ಕಾರ್ಡಿನ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಸಂಪರ್ಕವು ತಪ್ಪಬಹುದು.

ಮುಂದಿನದು ವಿದ್ಯುತ್ತಿನ ವಿಚಾರ. ಮದರ್‌ಬೋರ್ಡಿನ ಸೀಳು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲುದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳ ತಲೆಯ ಮೇಲೆ ಬೇರೆ ಸಾಕೆಟ್ಟುಗಳಿರುತ್ತವೆ: 6 ಪಿನ್ನಿನದರಿಂದ ಇನ್ನೂ 75 ವ್ಯಾಟ್, 8 ಪಿನ್ನಿನದರಿಂದ 150 ವ್ಯಾಟ್. ಇವುಗಳನ್ನು ಎಸ್‌ಎಂಪಿಎಸ್‌ಗೆ ಜೋಡಿಸದಿದ್ದರೆ ಕಾರ್ಡಿನ ಪಂಖ ತಿರುಗಬಹುದು, ಚಿತ್ರ ಮಾತ್ರ ಬಾರದು. ಪ್ರೊಸೆಸರಿಗೆಂದು ಬರುವ 8 ಪಿನ್ನಿನ ಕೇಬಲ್ಲು ನೋಡಲು ಇದನ್ನೇ ಹೋಲುತ್ತದೆ. ಅದರಲ್ಲಿ 12 ವೋಲ್ಟಿನ ತಂತಿಗಳೂ ನೆಲದ ತಂತಿಗಳೂ ಅದಲುಬದಲಾಗಿರುವುದರಿಂದ ಬಲವಂತದಿಂದ ತುರುಕುವುದು ಅಪಾಯಕರ. ಸಡಿಲವಾದ ಜೋಡಣೆಯೂ ಒಳ್ಳೆಯದಲ್ಲ. 12 ವೋಲ್ಟಿನಲ್ಲಿ 150 ವ್ಯಾಟ್ ಎಂದರೆ 12.5 ಆಂಪಿಯರ್. ಸಂಪರ್ಕದ ಒಟ್ಟು ರೋಧ ಒಂದು ಓಮಿನ ಐವತ್ತರಲ್ಲಿ ಒಂದು ಪಾಲಷ್ಟೇ ಇದ್ದರೂ ಅಲ್ಲಿ ಕಾಲು ವೋಲ್ಟ್ ಕಳೆದುಹೋಗುತ್ತದೆ. ಮೂರು ವ್ಯಾಟಿಗೂ ಹೆಚ್ಚಿನ ಶಾಖ ಆ ಪುಟ್ಟ ಪ್ಲಾಸ್ಟಿಕ್ಕಿನೊಳಗೆ ಹುಟ್ಟುತ್ತದೆ. ಓಮನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಇಲ್ಲಿ ಅದನ್ನು ಮೂಸಿಯೇ ತಿಳಿಯಬಹುದು: ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಕೂಡಲೇ ಯಂತ್ರವನ್ನು ನಿಲ್ಲಿಸಬೇಕು.

ಹಳೆಯ ಮಾನಿಟರುಗಳನ್ನು ಉಳಿಸಿಕೊಂಡವರಿಗೆ ಇನ್ನೊಂದು ತೊಡಕು. 1987ರಲ್ಲಿ ಬಂದ ವಿಜಿಎ ಪದ್ಧತಿಯಲ್ಲಿ ಬಣ್ಣದ ತೀವ್ರತೆಯು ಏರಿಳಿಯುವ ವೋಲ್ಟೇಜಿನ ರೂಪದಲ್ಲಿ ಸಾಗುತ್ತದೆ. ಇಂದಿನ ಕಾರ್ಡು ಹೊರಗೆ ಕಳುಹಿಸುವುದು ಅಂಕೆಗಳನ್ನು. ತಂತಿಯನ್ನು ತಂತಿಗೆ ಸೇರಿಸಿದ ಮಾತ್ರಕ್ಕೆ ಅಂಕೆ ವೋಲ್ಟೇಜಾಗದು. ಆದುದರಿಂದ ನಡುವೆ ಪರಿವರ್ತಕ ಚಿಪ್ಪಿರುವ ಸಲಕರಣೆಯೇ ಬೇಕು. ಹಳೆಯ ಮದರ್‌ಬೋರ್ಡುಗಳು ಹೊಸ ಕಾರ್ಡಿನ ಪ್ರಾರಂಭದ ಭಾಷೆಯನ್ನೇ ಅರಿಯದಿರುವುದೂ ಉಂಟು. ಅಂಥಲ್ಲಿ ಬೋರ್ಡಿನ ಬಯಾಸನ್ನು ತಯಾರಕರು ಕೊಟ್ಟ ಹೊಸ ಆವೃತ್ತಿಗೆ ಏರಿಸಿ ನೋಡಬಹುದು.

ಇನ್ನು ಕೆಲವೊಮ್ಮೆ ಯಂತ್ರವನ್ನು ಹಚ್ಚಿದೊಡನೆ ತಯಾರಕರ ಚಿಹ್ನೆ ಕಾಣಿಸಿಕೊಂಡು, ವಿಂಡೋಸ್ ತೆರೆಯುವ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಇದು ಬಹಳ ಮಾತನಾಡುವ ಲಕ್ಷಣ. ಚಿಹ್ನೆ ಕಂಡಿತೆಂದರೆ ಕಾರ್ಡು, ವಿದ್ಯುತ್ತು, ಕೇಬಲ್, ಫಲಕ ಎಲ್ಲವೂ ಒಮ್ಮೆಯಾದರೂ ಕೂಡಿ ಕೆಲಸ ಮಾಡಿವೆ. ಅನಂತರ ಬದಲಾದುದು ಡ್ರೈವರ್ ಎಂಬ ತಂತ್ರಾಂಶ, ಇಲ್ಲವೆ ಚಿತ್ರವನ್ನು ಕಳುಹಿಸುವ ವೇಗ. ಹಳೆಯ ಕಾರ್ಡಿನ ಡ್ರೈವರ್ ಉಳಿದಿದ್ದರೆ ಸೇಫ್ ಮೋಡಿನಲ್ಲಿ ತೆರೆದು, ಅದನ್ನು ತೆಗೆದುಹಾಕಿ, ಹೊಸದನ್ನು ತಯಾರಕರಿಂದಲೇ ಪಡೆದು ಹಾಕಬೇಕು.

ವೇಗದ ವಿಚಾರಕ್ಕೆ ನಮ್ಮ ಗುಣಾಕಾರವನ್ನೇ ಮುಂದುವರಿಸೋಣ. 3840 ಮತ್ತು 2160 ಸಾಲುಗಳ ಪರದೆಗೆ ಬಿಂದುಗಳು ನಾಲ್ಕುಪಟ್ಟು. ಸೆಕೆಂಡಿಗೆ 60 ಚಿತ್ರಗಳಾದರೆ ಸುಮಾರು 1,194 ಕೋಟಿ ಬಿಟ್‌ಗಳು. 2009ರ ಎಚ್‌ಡಿಎಂಐ 1.4 ಪ್ರಮಾಣದ ಪರಮಾವಧಿಯೇ 1,020 ಕೋಟಿ. 2013ರ 2.0 ಪ್ರಮಾಣವು ಅದನ್ನು 1,800 ಕೋಟಿಗೆ ಏರಿಸಿತು. ಮನೆಯಲ್ಲಿದ್ದ ಹಳೆಯ ಕೇಬಲ್ಲನ್ನೇ ಹೊಸ ಕಾರ್ಡಿಗೆ ಹಚ್ಚಿದರೆ ಚಿತ್ರ ಕ್ಷಣಕ್ಷಣಕ್ಕೂ ಮಾಯವಾಗಬಹುದು, ಅಥವಾ ಪರದೆಯ ತುಂಬ ಮಿಣುಕುವ ಚುಕ್ಕೆಗಳು ಉದುರಬಹುದು. ಸೆಕೆಂಡಿಗೆ 30 ಚಿತ್ರಗಳಿಗೆ ಇಳಿಸಿದೊಡನೆ ಎಲ್ಲವೂ ಸ್ವಚ್ಛವಾದರೆ ಅನುಮಾನವು ಮೊದಲು ಕೇಬಲ್ಲಿನ ಮೇಲೆ ಬರಬೇಕು. ಅದೇ ಕೇಬಲ್ಲಿನ ಸಣ್ಣ ತಂತಿಗಳ ಮೂಲಕ ಮಾನಿಟರು ತನ್ನ ಹೆಸರನ್ನೂ ತಾಳಬಲ್ಲ ಅಳತೆಗಳನ್ನೂ ಕಾರ್ಡಿಗೆ ತಿಳಿಸುತ್ತದೆ. ಆ ತಂತಿ ಕಡಿದಿದ್ದರೆ ಕಾರ್ಡು ಊಹೆಯ ಮೇಲೆ ಚಿಕ್ಕ ಅಳತೆಯ ಚಿತ್ರವನ್ನು ಕಳುಹಿಸಿ ಸುಮ್ಮನಾಗುವುದುಂಟು.

ಚಿತ್ರ ಬರುತ್ತದೆ, ಆದರೆ ಕಲೆಗಳಿವೆ ಎಂದರೆ ನೇಕಾರನ ಕಣ್ಣೇ ಬೇಕು. ಇಲ್ಲಿ ಎರಡು ಪರೀಕ್ಷೆಗಳಿವೆ; ಕಾಸಿನ ಖರ್ಚಿಲ್ಲ. ಒಂದು, ಮಾನಿಟರಿನ ಗುಂಡಿಯನ್ನು ಒತ್ತಿ ಅದರ ಸ್ವಂತ ಪಟ್ಟಿಯನ್ನು ಪರದೆಯ ಮೇಲೆ ತರಿಸುವುದು. ಬೆಳಕು, ಬಣ್ಣಗಳನ್ನು ತಿದ್ದುವ ಆ ಪಟ್ಟಿಯು ಮಾನಿಟರಿನೊಳಗೇ ಹುಟ್ಟುವುದರಿಂದ, ಗೀರು ಅದರ ಮೇಲೆಯೂ ಹರಿದಿದ್ದರೆ ಕಾರ್ಡು ನಿರ್ದೋಷಿ. ಪಟ್ಟಿ ಸ್ವಚ್ಛವಾಗಿದ್ದು ಸುತ್ತಲಿನ ಚಿತ್ರ ಮಾತ್ರ ಕೆಟ್ಟಿದ್ದರೆ ಎರಡನೆಯ ಪರೀಕ್ಷೆ: ಕೀಲಿಮಣೆಯ ಪ್ರಿಂಟ್ ಸ್ಕ್ರೀನ್ ಕೀಲಿಯಿಂದ ಪರದೆಯ ಪ್ರತಿಯನ್ನು ಸೆರೆಹಿಡಿದು ಮೊಬೈಲಿನಲ್ಲಿ ತೆರೆದು ನೋಡಬೇಕು. ಪ್ರತಿಯನ್ನು ತೆಗೆಯುವುದು ಕೇಬಲ್ಲಿಗೆ ಇಳಿಯುವ ಮೊದಲೇ ಆದುದರಿಂದ, ಅದರಲ್ಲಿಯೂ ಕಲೆಯಿದ್ದರೆ ದೋಷವು ಚಿಪ್ಪಿನಲ್ಲಿ, ನೆನಪಿನ ಕೋಶದಲ್ಲಿ ಅಥವಾ ಡ್ರೈವರಿನಲ್ಲಿದೆ. ಪ್ರತಿ ಶುಭ್ರವಾಗಿದ್ದರೆ ಹೊರದಾರಿಯಲ್ಲಿ ಅಥವಾ ಕೇಬಲ್ಲಿನಲ್ಲಿದೆ. ಚೌಕ ಚೌಕವಾಗಿ ಒಂದೇ ಕ್ರಮದಲ್ಲಿ ಮರುಕಳಿಸುವ ಬಣ್ಣದ ಕಲೆಗಳು ಹೆಚ್ಚಾಗಿ ನೆನಪಿನ ಕೋಶದವು. ಜಕಾರ್ಡಿನ ತಪ್ಪಿದ ರಂಧ್ರಕ್ಕೆ ಇವು ಸೋದರಸಂಬಂಧಿಗಳು.

ಯಂತ್ರ ಅರ್ಧಗಂಟೆ ಚೆನ್ನಾಗಿ ನಡೆದು ಆಮೇಲೆ ಕಲೆಗಳನ್ನು ತೋರಿಸಿದರೆ ಶಾಖವನ್ನು ನೆನೆಯಬೇಕು. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೇರುವ ಚಿಪ್ಪು, ನಮ್ಮ ಕಡೆಯ ವೈಶಾಖದ 40 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 85ರ ಸಮೀಪಕ್ಕೆ ಹೋಗುತ್ತದೆ. ಮಗ್ಗವಿರುವ ಮನೆಯಲ್ಲಿ ಗಾಳಿಯಲ್ಲಿ ತೇಲುವ ನೂಲಿನ ನವಿರು ಪಂಖದ ಹಿಂದಿನ ಲೋಹದ ರೆಕ್ಕೆಗಳಲ್ಲಿ ಸೇರಿಕೊಂಡು ಕಂಬಳಿಯಂತೆ ಕೆಲಸ ಮಾಡುವುದರಿಂದ ಲೆಕ್ಕ ಇನ್ನೂ ಮೇಲೇರುವುದು. ಪಂಖವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿಕೊಂಡು ಮೆದುವಾದ ಕುಂಚದಿಂದ ತಿಂಗಳಿಗೊಮ್ಮೆ ಇದನ್ನು ಬಿಡಿಸಬೇಕು. ಯಂತ್ರದ ಪ್ಲಗ್ಗು ಆಗ ಗೋಡೆಯಲ್ಲಿರಕೂಡದು.

ಪ್ಲಗ್ಗಿನ ಮಾತು ಬಂದುದರಿಂದ ಒಂದು ಎಚ್ಚರಿಕೆ. ಮೂರನೆಯ ಪಿನ್ನು ಭೂಮಿಗೆ ಸೇರದ ಮನೆಗಳಲ್ಲಿ ಗಣಕದ ಪೆಟ್ಟಿಗೆಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನ ಶೋಧಕ ಕೆಪಾಸಿಟರುಗಳ ಮೂಲಕ ಮನೆಯ ವೋಲ್ಟೇಜಿನ ಅರ್ಧದಷ್ಟು ಪೆಟ್ಟಿಗೆಯ ಮೇಲೆ ಕುಳಿತಿರುವುದೇ ಅದಕ್ಕೆ ಕಾರಣ. ವಿದ್ಯುತ್ಪ್ರವಾಹ ಬಲು ಸಣ್ಣದು. ಆದರೂ ಅಂಥ ಸ್ಥಿತಿಯಲ್ಲಿ ಟಿವಿಗೆ ಕೇಬಲ್ಲನ್ನು ಚುಚ್ಚಿದರೆ ಕಿಡಿ ಹಾರಿ ಹೊಸ ಕಾರ್ಡಿನ ಸಾಕೆಟ್ಟೇ ಸಾಯಬಹುದು. ಎರಡರ ಪ್ಲಗ್ಗನ್ನೂ ಕಿತ್ತ ಮೇಲೆಯೇ ಕೇಬಲ್ಲನ್ನು ಕೂಡಿಸಬೇಕು. ಭೂಸಂಪರ್ಕವನ್ನು ವಿದ್ಯುತ್ ಕೆಲಸಗಾರನಿಂದ ಸರಿಪಡಿಸಿಕೊಳ್ಳುವುದು ಕಾರ್ಡಿಗಿಂತ ಮೊದಲು ಆಗಬೇಕಾದ ಖರ್ಚು.

ಇಷ್ಟಾದರೂ ಕತ್ತಲೆ ಕಳೆಯದಿದ್ದರೆ ಕಾರ್ಡನ್ನು ಸಾಕಷ್ಟು ವಿದ್ಯುತ್ ಶಕ್ತಿಯುಳ್ಳ ಸ್ನೇಹಿತನ ಯಂತ್ರದಲ್ಲಿ ಕೂಡಿಸಿ ನೋಡಿರಿ. ಸಾಧ್ಯವಾದರೆ ಅವನ ಕಾರ್ಡನ್ನು ನಿಮ್ಮದರಲ್ಲಿ. ಪ್ರತಿಯೊಂದು ಸಲವೂ ಒಂದೇ ವಸ್ತುವನ್ನು ಬದಲಿಸಬೇಕು. ಎರಡನ್ನು ಒಮ್ಮೆಗೇ ಬದಲಿಸಿ ಚಿತ್ರ ಬಂದರೆ ಯಾವುದರಿಂದ ಬಂದಿತೆಂದು ಹೇಳಲಾಗದು. ನಿಮ್ಮ ಕಾರ್ಡು ಎರಡು ಯಂತ್ರಗಳಲ್ಲಿಯೂ ಮೌನವಾಗಿದ್ದು ಅವನ ಕಾರ್ಡು ಎರಡರಲ್ಲಿಯೂ ಮಾತನಾಡಿದರೆ, ಅಂಗಡಿಯ ಅವಧಿ ಮುಗಿಯುವ ಮೊದಲು ಈ ನಾಲ್ಕು ಫಲಿತಾಂಶಗಳನ್ನು ಒಂದು ಕಾಗದದಲ್ಲಿ ಬರೆದು, ಖರೀದಿಯ ರಸೀದಿಯೊಡನೆ ಕಾರ್ಡನ್ನು ಅದರ ಮೂಲ ಪೆಟ್ಟಿಗೆಯಲ್ಲಿಯೇ ಕಳುಹಿಸಿರಿ.