ಅಗ್ಗಿಷ್ಟಿಕೆಯ ಮರದಿಂದಾದ ಗಿಟಾರು

ಕಳೆದ ತಿಂಗಳಲ್ಲಿ ಒಂದು ದಿನ ಸಾಯಂಕಾಲ ನಮ್ಮ ಬೀದಿಯ ಗೃಹಸ್ಥರೊಬ್ಬರು ಬಹಳ ಖಿನ್ನರಾಗಿ ನಮ್ಮಲ್ಲಿಗೆ ಬಂದರು. ಅವರ ಮಗನು ನಮ್ಮಲ್ಲಿಯೇ ಮೂರು ವರ್ಷ ಸಂಸ್ಕೃತವನ್ನು ಓದಿದ ಹುಡುಗ, ಬುದ್ಧಿಶಾಲಿ. ಅವನಿಗೀಗ ಗಿಟಾರಿನ ಹುಚ್ಚು ಹಿಡಿದಿರುವುದಷ್ಟೇ ಅಲ್ಲದೆ, ಕೊಂಡು ತಂದ ಹೊಸ ವಾದ್ಯವನ್ನು ಬಿಚ್ಚಿ, ಅದರ ಹೊಟ್ಟೆಯೊಳಗಿನ ತಂತಿಗಳನ್ನೆಲ್ಲ ಕಿತ್ತು ಹರಡಿಕೊಂಡು, ಬೆಸುಗೆಯ ಕಡ್ಡಿಯನ್ನು ಕಾಯಿಸುತ್ತ ನಡುರಾತ್ರಿಯವರೆಗೂ ಕುಳಿತಿರುವನೆಂದೂ, ಪರೀಕ್ಷೆಗೆ ಇನ್ನೆರಡೇ ತಿಂಗಳು ಉಳಿದಿದೆಯೆಂದೂ, ಆದುದರಿಂದ ಆ ಕಡ್ಡಿಯನ್ನು ತಾವು ಬೀರುವಿನಲ್ಲಿಟ್ಟು ಬೀಗ ಹಾಕಿರುವುದಾಗಿಯೂ ಹೇಳಿ, “ಮೇಷ್ಟ್ರೇ, ತಾವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕು” ಎಂದು ಕೇಳಿಕೊಂಡರು.

ಬುದ್ಧಿ ಹೇಳುವುದು ನಮಗೆ ಮೂವತ್ತೈದು ವರ್ಷಗಳ ಅಭ್ಯಾಸ. ಆದರೆ ವಿಷಯವನ್ನರಿಯದೆ ಹೇಳಿದ ಬುದ್ಧಿಯು ಎಷ್ಟು ದಿನ ನಿಲ್ಲುವುದೆಂಬುದೂ ಆ ಮೂವತ್ತೈದು ವರ್ಷಗಳಲ್ಲಿಯೇ ನಮಗೆ ತಿಳಿದುಹೋಗಿದೆ. ಎಂಟು ದಿನ ಅವಕಾಶವನ್ನು ಕೇಳಿ, ಈ ಗಿಟಾರು ಕಟ್ಟುವ ವಿದ್ಯೆಯೆಂದರೇನೆಂದು ಓದತೊಡಗಿದೆವು. ಓದಿದುದರಲ್ಲಿ ಒಂದು ವೃತ್ತಾಂತವು ಮಕ್ಕಳೊಂದಿಗರೆಲ್ಲರೂ ತಿಳಿಯತಕ್ಕದ್ದೆಂದು ತೋರಿದುದರಿಂದ ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಲಂಡನ್ ನಗರದ ಹೊರವಲಯದಲ್ಲಿ ಹೆರಾಲ್ಡ್ ಮೇ ಎಂಬವರಿದ್ದರು. ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ನಕ್ಷೆ ಬರೆಯುವ ಉದ್ಯೋಗ. ಸಂಬಳವು ಹೆಚ್ಚಿನದಲ್ಲ, ಕೈಯ ಕುಶಲತೆಯು ಮಾತ್ರ ಅಸಾಧಾರಣವಾದುದು. ಮನೆಯ ರೇಡಿಯೋವನ್ನೂ ಟೆಲಿವಿಷನ್ನನ್ನೂ ಅವರು ತಾವೇ ಜೋಡಿಸಿದ್ದರಂತೆ. ಅವರಿಗೆ ಒಬ್ಬನೇ ಮಗ, ಬ್ರಯಾನ್, 1947ರಲ್ಲಿ ಹುಟ್ಟಿದವನು. ಏಳನೆಯ ವಯಸ್ಸಿನಲ್ಲಿ ಆ ಹುಡುಗನಿಗೆ ಒಂದು ಸಾಮಾನ್ಯವಾದ ಮರದ ಗಿಟಾರು ದೊರೆಯಿತು. ಹದಿನಾರನೆಯ ವಯಸ್ಸಿಗೆ ವಿದ್ಯುತ್ ಗಿಟಾರು ಬೇಕೆನಿಸಿತು. ಅಮೆರಿಕದಿಂದ ಬರುವ ಒಳ್ಳೆಯ ವಾದ್ಯಗಳ ಬೆಲೆಯು ಆ ಸಂಸಾರದ ಶಕ್ತಿಗೆ ಮೀರಿದ್ದಿತು. ಇಂಥಲ್ಲಿ ತಂದೆಯಾದವನು “ಇಲ್ಲ” ಎನ್ನಬಹುದು, ಅಥವಾ ಸಾಲ ಮಾಡಬಹುದು. ಹೆರಾಲ್ಡರು ಎರಡನ್ನೂ ಮಾಡಲಿಲ್ಲ. 1963ರ ಆಗಸ್ಟಿನಲ್ಲಿ ತಂದೆಯೂ ಮಗನೂ ಕುಳಿತು, ಮನೆಯಲ್ಲಿಯೇ ಒಂದನ್ನು ಮಾಡುವುದೆಂದು ನಕ್ಷೆ ಬರೆದರು.

ಗಿಟಾರನ್ನು ಕಾಣದ ಹಿರಿಯರು ವೀಣೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅದರಂತೆ ಇಲ್ಲಿಯೂ ದಂಡಿಯುಂಟು, ಬಿರಡೆಗಳುಂಟು, ಕುದುರೆಯುಂಟು, ಮೆಟ್ಟಿಲುಗಳುಂಟು. ಆ ತಂದೆಮಕ್ಕಳು ತಮ್ಮ ವಾದ್ಯಕ್ಕೆ ಇಟ್ಟ ಮೆಟ್ಟಿಲುಗಳು ನಮ್ಮ ಸರಸ್ವತೀವೀಣೆಯಂತೆಯೇ ಇಪ್ಪತ್ತನಾಲ್ಕು! ಇದು ಕಾಕತಾಳೀಯವೇ ಸರಿ, ಆದರೂ ಓದಿದಾಗ ನಮಗೆ ಸಂತೋಷವಾಯಿತು. ವೀಣೆಯಲ್ಲಿ ಮೇಣದ ಮೇಲೆ ಮೆಟ್ಟಿಲನ್ನು ಕಿವಿಯಿಂದ ಕೇಳಿ ಕೂರಿಸುವರು. ಸ್ವರವು ತಪ್ಪಿದರೆ ಮೇಣವನ್ನು ಕಾಯಿಸಿ ಸರಿಸಬಹುದು. ಗಿಟಾರಿನಲ್ಲಿ ಮರವನ್ನು ಕೊಯ್ದು ಲೋಹದ ಪಟ್ಟಿಯನ್ನು ಹೊಡೆದ ಮೇಲೆ ಸರಿಸುವ ಮಾತಿಲ್ಲ. ಆದುದರಿಂದ ಮೊದಲೇ ಗಣಿತದಿಂದ ಸ್ಥಾನಗಳನ್ನು ನಿರ್ಣಯಿಸಬೇಕು. ಉಳಿದಿರುವ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರವು ದೊರೆಯುವುದು. ಇವರ ವಾದ್ಯದ ತಂತಿಯು 24 ಅಂಗುಲ. ಹಾಗಾಗಿ ಮೊದಲ ಮೆಟ್ಟಿಲು ಸುಮಾರು 1.35 ಅಂಗುಲದಲ್ಲಿಯೂ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಎಂದರೆ 12 ಅಂಗುಲಕ್ಕೂ ಬೀಳುವುವು. ಒಂದು ನೂಲಿನಷ್ಟು ತಪ್ಪಿದರೂ ಅಪಸ್ವರವು ವಾದ್ಯದ ಆಯುಷ್ಯವಿರುವವರೆಗೂ ಉಳಿಯುವುದು. ಭಿನ್ನರಾಶಿಯ ಲೆಕ್ಕವೇತಕ್ಕೆಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕಂಡಿಲ್ಲ.

ಇನ್ನು ಸಾಮಗ್ರಿಗಳು. ಚಳಿಯ ದೇಶವಾದುದರಿಂದ ಅಲ್ಲಿಯ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಅಗ್ಗಿಷ್ಟಿಕೆಯಿರುವುದು. ಅದರ ಸುತ್ತಲೂ ಮರದ ಚೌಕಟ್ಟು. ಪರಿಚಿತರೊಬ್ಬರ ಮನೆಯಿಂದ ಕಿತ್ತು ಎಸೆಯಲಿದ್ದ ಅಂಥ ಒಂದು ಮಹಾಗನಿಯ ಚೌಕಟ್ಟು, ನೂರು ವರ್ಷಕ್ಕೂ ಮೀರಿದ್ದು, ಇವರ ಕೈಸೇರಿತು. ಅದರಿಂದ ದಂಡಿಯನ್ನು ಕೈಯಿಂದಲೇ ಕೆತ್ತಿದರು. ಹುಳುಗಳು ಕೊರೆದ ತೂತುಗಳಿದ್ದುವು. ಅವುಗಳಲ್ಲಿ ಬೆಂಕಿಕಡ್ಡಿಗಳನ್ನು ತುರುಕಿ ಮುಚ್ಚಿದರು. ಒಡಲಿನ ನಡುಭಾಗಕ್ಕೆ ಹಳೆಯ ಮೇಜೊಂದರ ಓಕ್ ಮರ. ಉಳಿದುದಕ್ಕೆ ಅಗ್ಗದ ಹಲಗೆ. ಮೇಲೆ ಕಾಗದದಂತೆ ತೆಳುವಾದ ಮಹಾಗನಿಯ ಹೊದಿಕೆ. ಅಂಚಿಗೆ ಅಂಗಡಿಯ ಕಪಾಟುಗಳಿಗೆ ಹಾಕುವ ಬಿಳಿಯ ಪ್ಲಾಸ್ಟಿಕ್ಕಿನ ಪಟ್ಟಿ. ಮೆಟ್ಟಿಲುಗಳ ನಡುವೆ ಗುರುತಿಗೆಂದು ಇಟ್ಟ ಹೊಳೆಯುವ ಚುಕ್ಕೆಗಳು ತಾಯಿಯ ಹೊಲಿಗೆಯ ಪೆಟ್ಟಿಗೆಯಿಂದ ಬಂದ ಮುತ್ತಿನ ಚಿಪ್ಪಿನ ಗುಂಡಿಗಳು.

ಎಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸಿದ್ದು ಸ್ವರವನ್ನು ತೂಗಿಸುವ ಯಂತ್ರ. ವೀಣೆಯಲ್ಲಿ ಗಮಕಕ್ಕಾಗಿ ತಂತಿಯನ್ನು ಬೆರಳಿನಿಂದ ಎಳೆಯುವರಷ್ಟೆ. ಗಿಟಾರಿನಲ್ಲಿ ಅದಲ್ಲದೆ ಕುದುರೆಯ ಬಳಿ ಒಂದು ಹಿಡಿಯನ್ನಿಟ್ಟು, ಅದನ್ನು ಒತ್ತಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸುವ ಉಪಾಯವುಂಟು. ಒತ್ತಿ ಬಿಟ್ಟ ಮೇಲೆ ತಂತಿಗಳು ಮೊದಲಿನ ಶ್ರುತಿಗೆ ಮರಳದಿರುವುದೇ ಇದರ ದೊಡ್ಡ ರೋಗ. ಕಾರಣವು ಘರ್ಷಣೆ. ಹೆರಾಲ್ಡರು ಕೀಲನ್ನೇ ಹಾಕಲಿಲ್ಲ. ಹಳೆಯ ಚಾಕುವೊಂದರ ಗಡಸು ಉಕ್ಕಿನ ಅಲಗಿನ ಮೇಲೆ ಇಡೀ ಫಲಕವನ್ನು ತಕ್ಕಡಿಯ ದಂಡದಂತೆ ನಿಲ್ಲಿಸಿದರು. ತಂತಿಗಳ ಸೆಳೆತವನ್ನು ತೂಗಿ ಹಿಡಿಯಲು 1928ರ ಪ್ಯಾಂಥರ್ ಮೋಟಾರು ಸೈಕಲ್ಲಿನ ವಾಲ್ವುಗಳ ಎರಡು ಸ್ಪ್ರಿಂಗುಗಳು. ಹಿಡಿಯು ಸೈಕಲ್ಲಿನ ಸೀಟಿನ ಹಿಂದೆ ಚೀಲವನ್ನು ಹೊರುವ ಕಂಬಿ. ಅದರ ತುದಿಗೆ ತಾಯಿಯ ಹೆಣಿಗೆಯ ಕಡ್ಡಿಯ ತುಂಡು. ತಂತಿಗಳು ಉಜ್ಜದಂತೆ ಕುದುರೆಯ ಮೇಲೆ ಉರುಳುವ ಚಿಕ್ಕ ಗಾಲಿಗಳನ್ನಿಟ್ಟರು. ಮಾರುಕಟ್ಟೆಯ ಎಷ್ಟೋ ವಾದ್ಯಗಳಿಗಿಂತ ಇದು ಶ್ರುತಿಯಲ್ಲಿ ಚೆನ್ನಾಗಿ ನಿಂತಿತು.

ಧ್ವನಿಯನ್ನು ವಿದ್ಯುತ್ತಾಗಿಸುವ ಭಾಗಕ್ಕೆ ಪಿಕಪ್ ಎಂದು ಹೆಸರು. ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಉಕ್ಕಿನ ತಂತಿಗಳ ಕೆಳಗಿಟ್ಟರೆ, ಅವು ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ ಇದು. ಹುಡುಗನು ಇದನ್ನೂ ತಾನೇ ಸುತ್ತಿದನು. ಧ್ವನಿಯು ಚೆನ್ನಾಗಿತ್ತು, ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ ಅಯಸ್ಕಾಂತದ ಧ್ರುವಗಳ ದೋಷದಿಂದ ಒಂದು ಬಗೆಯ ಅಹಿತವಾದ ಸದ್ದು ಬರುತ್ತಿದ್ದಿತು. ಕೊನೆಗೆ ಬರ್ನ್ಸ್ ಎಂಬವರ ಕಾರ್ಖಾನೆಯ ಮೂರು ಪಿಕಪ್ಪುಗಳನ್ನು ಕೊಂಡು, ಅವುಗಳ ಸುರುಳಿಗಳು ಅದಿರಿ ಕಿರುಚದಂತೆ ಒಳಗೆ ಅರಾಲ್ಡೈಟ್ ಅಂಟನ್ನು ತುಂಬಿ ಕೂರಿಸಿದನು. ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟಕ್ಕೆ ಬೀಳದೆ, ಕೊಳ್ಳತಕ್ಕದ್ದನ್ನು ಕೊಂಡು, ಕೊಂಡುದನ್ನೂ ತಿದ್ದಿದ ಈ ವಿವೇಕವು ನಮಗೆ ಮೆಚ್ಚುಗೆಯಾಯಿತು. ಒಂದೊಂದು ಪಿಕಪ್ಪಿಗೂ ಎರಡೆರಡು ಗುಂಡಿಗಳು: ಒಂದು ಹಚ್ಚಿ ಆರಿಸುವುದಕ್ಕೆ, ಇನ್ನೊಂದು ವಿದ್ಯುತ್ತಿನ ದಿಕ್ಕನ್ನು ತಿರುಗುಮುರುಗು ಮಾಡುವುದಕ್ಕೆ. ಎರಡು ಪಿಕಪ್ಪುಗಳು ವಿರುದ್ಧ ದಿಕ್ಕಿನಲ್ಲಿದ್ದರೆ ಮಂದ್ರದ ಅಂಶವು ಪರಸ್ಪರ ಕಳೆದು, ಸಣ್ಣನೆಯ ತೀಕ್ಷ್ಣ ಧ್ವನಿ ಉಳಿಯುವುದು.

ಕೆಲಸವು ಒಂದು ವರ್ಷಕ್ಕೂ ಮೀರಿ ಹಿಡಿಯಿತು. ಒಟ್ಟು ವೆಚ್ಚವು ಸುಮಾರು ಎಂಟು ಪೌಂಡು ಎಂದು ಹೇಳುವರು. ಒಡಲಿನ ಮೇಲ್ಭಾಗದಲ್ಲಿ ಪಿಟೀಲಿಗಿರುವಂಥ ರಂಧ್ರವೊಂದನ್ನು ಕೊರೆಯಬೇಕೆಂದು ನಕ್ಷೆಯಲ್ಲಿದ್ದಿತು. ಅದನ್ನು ಕೊರೆಯಲೇ ಇಲ್ಲ.

ವಾದ್ಯವಾಯಿತು, ಆದರೆ ವಿದ್ಯುತ್ ಗಿಟಾರಿಗೆ ಅರ್ಧ ಪ್ರಾಣವಿರುವುದು ಧ್ವನಿವರ್ಧಕದಲ್ಲಿ. ಅದರ ಮತ್ತು ಗಿಟಾರಿನ ನಡುವೆ ಚಿಕ್ಕ ಪೆಟ್ಟಿಗೆಗಳನ್ನಿಟ್ಟು ಧ್ವನಿಯನ್ನು ಮಾರ್ಪಡಿಸುವರು. ಬಹುಮಟ್ಟಿಗೆ ಕಾಲಿನಿಂದ ಒತ್ತುವಂಥವಾದುದರಿಂದ ಇವಕ್ಕೆ ಪೆಡಲ್ಲುಗಳೆಂದು ಹೆಸರು. ಐರ್ಲೆಂಡಿನ ಗಿಟಾರುಗಾರ ರೋರಿ ಗ್ಯಾಲಘರ್ ಎಂಬವರಿಂದ ಬ್ರಯಾನನು ‘ರೇಂಜ್‌ಮಾಸ್ಟರ್’ ಎಂಬ ಪೆಟ್ಟಿಗೆಯ ಉಪಯೋಗವನ್ನು ಅರಿತನು. ಅದರೊಳಗೆ ಇರುವುದು ಜರ್ಮೇನಿಯಮ್ಮಿನ ಒಂದೇ ಒಂದು ಟ್ರಾನ್ಸಿಸ್ಟರು, ಬೆರಳೆಣಿಕೆಯ ಕೆಪಾಸಿಟರು ಮತ್ತು ರೆಸಿಸ್ಟರುಗಳು, ಒಂಬತ್ತು ವೋಲ್ಟಿನ ಬ್ಯಾಟರಿ, ಇಷ್ಟೇ. ತಾರಸ್ವರಗಳನ್ನು ಇದು ಎತ್ತಿ ಕೊಟ್ಟಾಗ ಧ್ವನಿವರ್ಧಕವು ತಾನು ಹೊರಲಾರದಷ್ಟನ್ನು ಹೊರಬೇಕಾಗುವುದು. ಒಂದು ಪಾವಿಗೆ ಎರಡು ಪಾವು ಅಕ್ಕಿಯನ್ನು ಸುರಿದು ಮೇಲೆ ಕೋಲಿನಿಂದ ಸವರಿದಂತೆ, ಧ್ವನಿಯ ಅಲೆಯ ನೆತ್ತಿಯು ಚಪ್ಪಟೆಯಾಗುವುದು. ಹಾಗಾದ ಅಲೆಯಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಬಲವಾಗುವುವು. ತಂತಿವಾದ್ಯವು ನಾಗಸ್ವರದಂತೆ ದೀರ್ಘವಾಗಿ ಹಾಡತೊಡಗುವುದು. ಯಂತ್ರದ ದೃಷ್ಟಿಯಿಂದ ಇದು ದೋಷ, ಕಿವಿಗೆ ಗುಣ.

ಇದನ್ನು ಮನೆಯಲ್ಲಿ ಮಾಡಬಯಸುವ ಹುಡುಗರಿಗೆ ಎರಡು ಮಾತು. ಮೂಲ ಪೆಟ್ಟಿಗೆಯಲ್ಲಿ ಬ್ಯಾಟರಿಯ ಧನಾಗ್ರವೇ ನೆಲದ ತಂತಿಗೆ ಸೇರುವುದು. ಇತರ ಪೆಟ್ಟಿಗೆಗಳಿಗೆ ಇದು ವಿರುದ್ಧ, ಆದುದರಿಂದ ಒಂದೇ ವಿದ್ಯುತ್ ಮೂಲಕ್ಕೆ ಎಲ್ಲವನ್ನೂ ಕೂಡಿಸಕೂಡದು. ಜರ್ಮೇನಿಯಮ್ಮಿಗೆ ಸೆಕೆಯೂ ಆಗದು. ಹತ್ತು ಡಿಗ್ರಿ ಏರಿದರೆ ಅದರೊಳಗಿನ ಸೋರುವಿದ್ಯುತ್ತು ಸುಮಾರು ಇಮ್ಮಡಿಯಾಗುವುದು. ಮೈಸೂರಿನ ಮಾಗಿಯಲ್ಲಿ ಸೊಗಸಾಗಿ ನುಡಿದುದು ರಾಯಚೂರಿನ ಬೇಸಿಗೆಯಲ್ಲಿ ಗೊರಗೊರ ಎಂದರೆ ಹುಡುಗನ ಕೈಯನ್ನು ಹಳಿಯಬೇಡಿ. ಒಳಬರುವ ದಾರಿಯಲ್ಲಿರುವ 0.005 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಬದಲಾಗಿ ದೊಡ್ಡದನ್ನಿಟ್ಟರೆ ಮಂದ್ರಸ್ವರಗಳೂ ಒಳಗೆ ಬಂದು ಧ್ವನಿಯು ತುಂಬಿಕೊಳ್ಳುವುದು. ತಂದೆತಾಯಿಗಳಿಗೆ ಹೇಳತಕ್ಕದ್ದೇನೆಂದರೆ: ಒಂಬತ್ತು ವೋಲ್ಟಿನ ಪೆಟ್ಟಿಗೆಯಿಂದ ಪ್ರಾಣಭಯವಿಲ್ಲ, ಬೆಸುಗೆಯ ಕಡ್ಡಿಯಿಂದ ಬೆರಳು ಸುಟ್ಟೀತು, ಆ ಹೊಗೆಗೆ ಕಿಟಕಿಯನ್ನು ತೆರೆದಿಡಬೇಕು. ಆದರೆ ವಾಲ್ವುಗಳುಳ್ಳ ಧ್ವನಿವರ್ಧಕವನ್ನು ಮಾತ್ರ ಬಲ್ಲವರಿಲ್ಲದೆ ಬಿಚ್ಚಗೊಡಬಾರದು. ಅದರಲ್ಲಿ ನೂರಾರು ವೋಲ್ಟುಗಳಿರುವುವು. ಗೋಡೆಯಿಂದ ಕಿತ್ತ ಮೇಲೆಯೂ ಅವು ಒಳಗೆ ಉಳಿದಿರುವುದುಂಟು.

ಬ್ರಯಾನನು ಮುಂದೆ ‘ಕ್ವೀನ್’ ಎಂಬ ಮೇಳವನ್ನು ಕಟ್ಟಿದವರಲ್ಲಿ ಒಬ್ಬನಾದನು. ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿಯಾದ ಫ್ರೆಡ್ಡಿ ಮರ್ಕ್ಯುರಿಯು ಅದರ ಗಾಯಕ. ಬಾಸ್ ಗಿಟಾರನ್ನು ನುಡಿಸುತ್ತಿದ್ದ ಜಾನ್ ಡೀಕನ್ ಎಂಬವನು ಎಲೆಕ್ಟ್ರಾನಿಕ್ಸ್ ಓದಿದವನು. ಅವನೂ ಇದೇ ಜಾತಿಯವನೇ. 1972ರ ಸುಮಾರಿನಲ್ಲಿ ಕಸದ ತೊಟ್ಟಿಯಲ್ಲಿ ಬಿದ್ದಿದ್ದ ರೇಡಿಯೋವಿನ ಹಲಗೆಯೊಂದನ್ನು ಎತ್ತಿ ತಂದು, ಹಳೆಯ ಸ್ಪೀಕರಿನ ಪೆಟ್ಟಿಗೆಯಲ್ಲಿ ಕೂರಿಸಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಧ್ವನಿವರ್ಧಕವೊಂದನ್ನು ಮಾಡಿದನು. 1975ರ ‘ಗುಡ್ ಕಂಪನಿ’ ಎಂಬ ಹಾಡಿನಲ್ಲಿ ತುತ್ತೂರಿ, ಕ್ಲಾರಿಯೊನೆಟ್ ಮೊದಲಾದುವುಗಳ ಮೇಳದಂತೆ ಕೇಳಿಬರುವುದೆಲ್ಲವೂ ಆ ಅಗ್ಗಿಷ್ಟಿಕೆಯ ಮರವು ಈ ಕಸದ ಹಲಗೆಯ ಮೂಲಕ ನುಡಿದುದು.

ಇಲ್ಲಿಗೆ ಕಥೆಯು ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಗಿಟಾರನ್ನು ಮಾಡಲು ಕಲಿಸಿದ ಆ ತಂದೆಯೇ, ಮಗನು ಗಿಟಾರನ್ನು ನಂಬಿ ಓದನ್ನು ಬಿಟ್ಟಾಗ ಕಡುಕೋಪಗೊಂಡರು. ಬ್ರಯಾನನು ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿಯನ್ನು ಪಡೆದು, 1970ರಿಂದ ಖಗೋಳದಲ್ಲಿ ಸಂಶೋಧನೆಯನ್ನು ನಡೆಸುತ್ತಿದ್ದನು. 1974ರಲ್ಲಿ ಪ್ರಬಂಧವು ಮುಗಿಯುವ ಮೊದಲೇ ಕಟ್ಟಿಟ್ಟು ಮೇಳದೊಡನೆ ಹೊರಟನು. ಕೆಲಕಾಲ ತಂದೆಮಕ್ಕಳಲ್ಲಿ ಸರಿಯಾಗಿ ಮಾತೇ ಇರಲಿಲ್ಲ. ತಾನು ಕೈಹಿಡಿದು ತೋರಿಸಿದ ವಿದ್ಯೆಯೇ ಮಗನನ್ನು ಕೊಂಡೊಯ್ದಿತೆಂದು ಆ ನಕ್ಷೆಗಾರರು ಎಷ್ಟು ರಾತ್ರಿ ನೊಂದರೋ! 1977ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಚೇರಿಗೆ ಮಗನು ತಂದೆತಾಯಿಗಳನ್ನು ವಿಮಾನದಲ್ಲಿ ಕರೆಸಿಕೊಂಡನು. ಆ ಜನಸಮುದ್ರದ ನಡುವೆ ತಮ್ಮ ಮನೆಯ ವಾದ್ಯವು ನುಡಿಯುವುದನ್ನು ಕೇಳಿದ ಮೇಲೆ ಹೆರಾಲ್ಡರು ಮಗನ ಕೈಹಿಡಿದು, ಈಗ ತಮಗೆ ಅರ್ಥವಾಯಿತೆಂದರಂತೆ. 1988ರಲ್ಲಿ ಅವರು ತೀರಿಕೊಂಡರು.

1998ರಲ್ಲಿ ಆಸ್ಟ್ರೇಲಿಯದ ಗ್ರೆಗ್ ಫ್ರೈಯರ್ ಎಂಬ ವಾದ್ಯಶಿಲ್ಪಿಯು ಆ ಗಿಟಾರನ್ನು ಜೀರ್ಣೋದ್ಧಾರ ಮಾಡಿದನು. 2002ರ ಜೂನ್ 3ರಂದು ಅದು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲಿಂದ ನುಡಿಯಿತು. 2007ರಲ್ಲಿ ಬ್ರಯಾನನು ಮೂವತ್ತಮೂರು ವರ್ಷ ಕಟ್ಟಿಟ್ಟಿದ್ದ ಪ್ರಬಂಧವನ್ನು ಬಿಚ್ಚಿ ಪೂರ್ತಿಮಾಡಿ ಡಾಕ್ಟರ್ ಪದವಿಯನ್ನು ಪಡೆದನು. ಪಡೆದರು ಎನ್ನೋಣ, ಇನ್ನು ಬಹುವಚನವೇ ಯುಕ್ತ. ಕ್ರಾಂತಿವೃತ್ತದ ಉದ್ದಕ್ಕೂ ಹರಡಿರುವ, ಬೆಳಗಿನ ಜಾವದಲ್ಲಿ ಮಸುಕಾಗಿ ಹೊಳೆಯುವ ಧೂಳಿನ ಚಲನೆಯೇ ಅದರ ವಿಷಯ. ಹೆರಾಲ್ಡರು ಅದನ್ನು ಕಾಣಲಿಲ್ಲ.

ನಾವೂ ಒಮ್ಮೆ ಪಾಠದ ನಡುವೆ ಹುಡುಗನೊಬ್ಬನು ತಾನೇ ಕೊರೆದ ಬಿದಿರಿನ ಕೊಳಲನ್ನು ಕಿತ್ತುಕೊಂಡು, ಹಿಂದಕ್ಕೆ ಕೊಡುವುದನ್ನು ಮರೆತೆವು. ಅದು ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಹುಡುಗನು ಎಲ್ಲಿರುವನೋ ತಿಳಿಯದು.

ಎಂಟು ದಿನಗಳ ಮೇಲೆ ಗೃಹಸ್ಥರು ಬಂದಾಗ ಇಷ್ಟನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆದರೂ ಪರೀಕ್ಷೆ ಇದೆಯಲ್ಲ, ಮೇಷ್ಟ್ರೇ” ಎಂದರು. ಇದೆ, ಅದನ್ನು ನಾವೂ ಅಲ್ಲಗಳೆಯಲಿಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಮಾತ್ರ ಬೀರು ತೆರೆಯತಕ್ಕದ್ದೆಂದು ತೀರ್ಮಾನವಾಯಿತು. ಹೋದ ಭಾನುವಾರ ಆ ಮನೆಯ ಮುಂದೆ ಹಾದುಹೋಗುವಾಗ ಕಿಟಕಿಯು ತೆರೆದಿದ್ದಿತು. ಪೆಟ್ಟಿಗೆಯು ಗುಂಯ್ ಎನ್ನುತ್ತಿದ್ದಿತು. “ನೆಲದ ತಂತಿ ಕಚ್ಚಿಲ್ಲ ಕಣೋ, ಇಲ್ಲಿ ಹಿಡಿ” ಎಂಬ ದನಿಯು ಮಗನದಲ್ಲ.