ದೀರ್ಘಕಾಲದ ಕಾಯಿಲೆ ಮತ್ತು ಚಿಕಿತ್ಸಾ ವ್ಯಾಯಾಮ: ಉದ್ದಿಮೆದಾರರು ಅರಿಯಬೇಕಾದ ಅಂಶಗಳು

ಕಾಫಿ, ಕರಿಮೆಣಸು, ಏಲಕ್ಕಿಯ ವಹಿವಾಟಿನಲ್ಲಿ ಅನುಭವವೇ ದೊಡ್ಡ ಬಂಡವಾಳ. ಬೀಜವನ್ನು ಕೈಯಲ್ಲಿ ಹಿಡಿದೇ ಗುಣಮಟ್ಟವನ್ನು ಗುರುತಿಸಬಲ್ಲ ಹಿರಿಯ ನೌಕರರೊಬ್ಬರು ಹೃದಯಾಘಾತಕ್ಕೆ ಒಳಗಾದರೆ ಸಂಸ್ಥೆಗೆ ಆಗುವ ನಷ್ಟ ಅಲ್ಪವಲ್ಲ. ಮೈಸೂರಿನಲ್ಲಿ ಸ್ಟೆಂಟ್ ಅಳವಡಿಸಿಕೊಂಡು ಮರಳಿದವರಿಗೆ ಇನ್ನು ಪೂರ್ಣ ವಿಶ್ರಾಂತಿಯೇ ಗತಿಯೆಂದು ಮನೆಯವರೂ ಮಾಲೀಕರೂ ಭಾವಿಸುವುದುಂಟು. ಆದರೆ ವೈದ್ಯಶಾಸ್ತ್ರವು ಈ ಭಾವನೆಯನ್ನು ಒಪ್ಪುವುದಿಲ್ಲ.

ವ್ಯಾಯಾಮಕ್ಕೂ ಪ್ರಮಾಣವಿದೆ

ಚಿಕಿತ್ಸಾ ವ್ಯಾಯಾಮವೆಂದರೆ ಔಷಧದಂತೆಯೇ ಬಗೆ, ತೀವ್ರತೆ, ಅವಧಿಗಳನ್ನು ನಿಗದಿಪಡಿಸಿ ಸೂಚಿಸುವ ಚಟುವಟಿಕೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು, ವೈದ್ಯಕೀಯ ಅಡ್ಡಿಯಿಲ್ಲದಿದ್ದಲ್ಲಿ, ದೀರ್ಘಕಾಲದ ಕಾಯಿಲೆಯುಳ್ಳವರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನೂ, ಕನಿಷ್ಠ 2 ದಿನ ಸ್ನಾಯುಬಲವರ್ಧಕ ವ್ಯಾಯಾಮವನ್ನೂ ಸೂಚಿಸಿದೆ. ಇದು ಗುರಿಯೇ ಹೊರತು ಆರಂಭವಲ್ಲ. ಆರಂಭಕ್ಕೆ 5-10 ನಿಮಿಷಗಳ ನಡಿಗೆಯೂ ಸಾಕು. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಇದೇ ಸಾಧಾರಣ ಶ್ರಮದ ಸರಳ ಅಳತೆ.

ಪ್ರಯೋಜನವಾಗುವ ಬಗೆ

ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಮಧುಮೇಹವು ಹತೋಟಿಗೆ ಬರುತ್ತದೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು ಏದುಸಿರಿಗೆ ಅಂಜಿ ಚಲನೆಯನ್ನು ಕಡಿಮೆ ಮಾಡುತ್ತಾರೆ. ಕಾಲಿನ ಸ್ನಾಯು ಕುಂದಿ ಏದುಸಿರು ಮತ್ತಷ್ಟು ಹೆಚ್ಚುತ್ತದೆ. ಈ ವಿಷಚಕ್ರವನ್ನು ಮುರಿಯುವುದೇ ಪುನಶ್ಚೇತನದ ಉದ್ದೇಶ. ತೊಡೆಯ ಸ್ನಾಯು ಬಲಗೊಂಡರೆ ಸವೆದ ಮಂಡಿಯ ನೋವೂ ತಗ್ಗುತ್ತದೆ.

ನಮ್ಮ ಜಿಲ್ಲೆಯಲ್ಲಿ

ಮಡಿಕೇರಿಯ ಏರುದಾರಿಯಲ್ಲಿ ನಡೆಯುವ ಹತ್ತು ನಿಮಿಷ ಸಮತಟ್ಟಾದ ಹತ್ತು ನಿಮಿಷಕ್ಕೆ ಸಮವಲ್ಲ. ಹೃದ್ರೋಗಿಗಳು ಸಮತಟ್ಟಾದ ಜಾಗದಲ್ಲಿಯೇ ಆರಂಭಿಸತಕ್ಕದ್ದು. ಮುಂಗಾರಿನ ತಿಂಗಳುಗಳಲ್ಲಿ ಅಭ್ಯಾಸ ತಪ್ಪದಂತೆ ಗೋದಾಮಿನ ಒಳಗೆ ಅಥವಾ ಮನೆಯ ಜಗಲಿಯಲ್ಲಿ ನಡೆಯಬಹುದು. ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವ ವ್ಯಾಯಾಮ ಮಾಡಬಹುದು. ದೂಳಿರುವ ಸ್ಥಳ ಮಾತ್ರ ಸಲ್ಲದು.

ಎಚ್ಚರಿಕೆ

ಎದೆನೋವು, ತಲೆಸುತ್ತು, ಅಸಹಜ ಏದುಸಿರು ಕಂಡ ಕೂಡಲೇ ವ್ಯಾಯಾಮವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಪಡೆಯುವವರು ಸಕ್ಕರೆ ಕುಸಿಯುವ ಸಾಧ್ಯತೆಯನ್ನರಿತು ಸಿಹಿ ತಿನಿಸನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಪಾದಗಳನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು.

ಮಾಲೀಕರ ಪಾತ್ರ

ಕೊಯ್ಲಿನ ಒತ್ತಡವೆಂದು, ಚೇತರಿಸಿಕೊಳ್ಳುತ್ತಿರುವವರಿಗೆ ಮೊದಲ ದಿನವೇ 50 ಕಿಲೋ ಚೀಲ ಹೊರಿಸುವುದು ಅಪಾಯಕರ; ಕೆಲಸದಿಂದ ಶಾಶ್ವತವಾಗಿ ದೂರವಿಡುವುದು ಅನ್ಯಾಯ. ವೈದ್ಯರ ಹಾಗೂ ಭೌತಚಿಕಿತ್ಸಕರ ಲಿಖಿತ ಸಲಹೆ ಪಡೆದು, ತೂಕ, ಲೆಕ್ಕಪತ್ರ, ವಿಂಗಡಣೆಯಂತಹ ಹಗುರ ಕೆಲಸದಿಂದ ಆರಂಭಿಸಿ ಹಂತಹಂತವಾಗಿ ಹೊಣೆಯನ್ನು ಹೆಚ್ಚಿಸುವುದು ಉಚಿತ. ದಿನಕ್ಕೆ ಅರ್ಧ ಗಂಟೆಯ ಬಿಡುವು ಸಂಸ್ಥೆಗೆ ಹೊರೆಯಲ್ಲ. ಪರಿಣತ ನೌಕರರನ್ನು ಉಳಿಸಿಕೊಳ್ಳುವ ಮಿತವ್ಯಯದ ಮಾರ್ಗ. ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕುಳಿತಿರುವ ಮಾಲೀಕರಿಗೂ ಈ ಮಾತು ಅನ್ವಯಿಸುತ್ತದೆ.